ಮಾತಿನ ಪಗಾರ

ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೊಡಲು ಬರಲಿದ್ದ ಭಾಲ್ಕಿಯ ಬೇಳೆ ಮಿಲ್ಲಿನ ಒಡತಿ ಸುಂದರಬಾಯಿ ಅಂದರೆ ಮೈತುಂಬ ಬಂಗಾರ ಹೇರಿಕೊಂಡ ಹೆಂಗಸು ಇರಬೇಕೆಂದು ಮಾಯಾ ತಿಳಿದಿದ್ದಳು. ಕಾರಿನಿಂದ ಇಳಿದದ್ದು ಎತ್ತರದ ಆಳು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು, ಕಾಲಲ್ಲಿ ಗಂಡಸರು ಮೆಟ್ಟುವಂಥ ಗಟ್ಟಿ ಚಪ್ಪಲಿ. ಮಾಯಾ ಕೊಟ್ಟ ಹೂಗುಚ್ಛವನ್ನು ಒಮ್ಮೆ ಮೂಸಿ, "ವಾಸನಿನೇ ಇಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಡ್ರೈವರ್ ಆತೀಫನ ಕೈಗೆ ದಾಟಿಸಿದರು. ಆಮೇಲೆ ಮಾಯಾಳ ಟೀ ಶರ್ಟಿನ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿದರು.

"ವಿದ್ಯಾರ್ಥಿ ರಾಯಭಾರಿ. ಹಂಗಂದ್ರ ಏನವ್ವಾ?"

"ಬಂದವರಿಗಿ ನಮ್ಮ ವಿಭಾಗ ತೋರಿಸೂದ್ರಿ. ಬ್ಯಾರೆ ಬ್ಯಾರೆ ಕಾಲೇಜಿಗಿ ಹೋಗಿ, ಎಂಬಿಎ ಮಾಡ್ಲಕ್ ಇಲ್ಲಿ ಬರ್ರಿ ಅಂತ ಹೇಳೂದ್ರಿ."

"ಯಾವೂರು?"

"ಹಲಬರ್ಗಾ ರೀ. ಪಂಢರಿ ಕಂಡಕ್ಟರ್ ಮಗಳು. ಬುದ್ಧವಿಹಾರದ ಮಗ್ಗಲಿಗೇ ನಮ್ಮ ಮನಿ ಅದ."

ಯಾವ ಜಾತಿ, ಯಾರ ಪೈಕಿ ಎಂಬ ಪ್ರಶ್ನೆ ಬರುವ ಮೊದಲೇ ಉತ್ತರವನ್ನು ಮುಂದಿಡುವುದು ಮಾಯಾಳ ರೂಢಿ. ಸುಂದರಬಾಯಿ ಮತ್ತೇನನ್ನೂ ಕೇಳಲಿಲ್ಲ. "ನಮ್ಮ ತಾಲೂಕಿನ ಮಗಳೇ ಆದಿ. ನಡಿ, ಏನ್ ತೋರಿಸ್ತಿ ತೋರ್ಸು" ಎಂದು ಮುಂದೆ ನಡೆದರು.

ಬೀದರ ಊರಿನ ಅಂಚಿನಲ್ಲಿ, ಪ್ರಸ್ಥಭೂಮಿ ಇನ್ನೇನು ಮುಗಿದು ಇಳಿಜಾರು ಶುರುವಾಗುವ ಕಡೆ ಇತ್ತು ವಿಶ್ವವಿದ್ಯಾಲಯದ ಆ ಮ್ಯಾನೇಜ್‌ಮೆಂಟ್ ವಿಭಾಗ. ಕಟ್ಟಡ ಹೊಸದು, ಮಕ್ಕಳು ಕಡಿಮೆ. ಮಾಯಾ ಅಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಹಿಂದಿನ ವರ್ಷ ಅವಳ ಜೊತೆ ರಾಯಭಾರಿಗಳಾದವರು ಇನ್ನೂ ಕೆಲವರಿದ್ದರು. ಒಬ್ಬನಿಗೆ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಸಿಕ್ಕಿತು, ಒಬ್ಬಳು ಟ್ಯೂಷನ್ ಹೇಳಿಕೊಡತೊಡಗಿದಳು. ಹೀಗೆ ಒಬ್ಬೊಬ್ಬರೇ ಜಾರಿ, ಉಳಿದವಳು ಮಾಯಾ ಒಬ್ಬಳೇ. ಅವಳೂ ಉಸ್ಮಾನಗಂಜಿನ ಸೀರೆ ಅಂಗಡಿಯಲ್ಲಿ ಶನಿವಾರ ಭಾನುವಾರ ಕೆಲಸಕ್ಕಿದ್ದಳು. ಈ ಭಾನುವಾರ ಅಲ್ಲಿಗೆ ರಜೆ ಹಾಕಿ ಇಲ್ಲಿ ನಿಂತಿದ್ದಳು.

ತರಗತಿ, ಗ್ರಂಥಾಲಯ, ಕಂಪ್ಯೂಟರ್ ಕೋಣೆ ಎಲ್ಲ ತೋರಿಸಿದಳು. ಬಾಯಿಪಾಠ ಮಾಡಿಕೊಂಡಿದ್ದನ್ನು ತಡವರಿಸದೆ ಒಪ್ಪಿಸಿದಳು. ಸುಂದರಬಾಯಿ ಒಂದು ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕೂತು, ಬೆರಳಿನಿಂದ ಧೂಳು ಒರೆಸಿ ನೋಡಿದರು.

"ಈ ಕಡಿ ಯಾರೂ ಕೂಡೂದಿಲ್ಲೇನು?"

"ಅರ್ಧ ಸೀಟು ಖಾಲಿ ಅವ್ರಿ."

"ಯಾಕ?"

ಇದಕ್ಕೆ ಬಾಯಿಪಾಠದಲ್ಲಿ ಉತ್ತರವಿರಲಿಲ್ಲ. ಮಾಯಾ ತನಗೆ ಕಂಡದ್ದನ್ನು ಹೇಳಿದಳು. "ಔರಾದ, ಭಾಲ್ಕಿ ಕಡಿ ಹಳ್ಯಾಗಿನವರಿಗಿ ಇಲ್ಲಿ ಹಿಂತಾದ್ದೊಂದು ಅದ ಅಂತ ಗೊತ್ತಿಲ್ರಿ. ಗೊತ್ತಿದ್ದವರಿಗಿ ಇದು ನಮ್ಮಂತವರಿಗಲ್ಲ ಅನಸ್ತದ್ರಿ."

"ನಿನಗ ಅನಸಲಿಲ್ಲ?"

"ಇನ್ನೂ ಒಮ್ಮೊಮ್ಮಿ ಅನಸ್ತದ್ರಿ" ಎಂದುಬಿಟ್ಟಳು ಮಾಯಾ. ಹೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡಳು. ಸುಂದರಬಾಯಿ ಮಾತ್ರ ಆ ದಿನ ಮೊದಲ ಸಲ ಅವಳ ಮುಖವನ್ನು ಪೂರ್ತಿಯಾಗಿ ನೋಡಿದರು.

ಕಚೇರಿಯಲ್ಲಿ ವಿಭಾಗದ ಮುಖ್ಯಸ್ಥ ನಂದಕುಮಾರ ಸರ್ ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಯಾರಿಗೂ ಗಟ್ಟಿಯಾಗಿ ಮಾತನಾಡಿದವರಲ್ಲ. ಮೇಜಿನ ಮೇಲೆ ಒಂದು ನಕ್ಷೆ ಬಿಡಿಸಿಟ್ಟಿದ್ದರು. ವಿಭಾಗದ ಹೆಬ್ಬಾಗಿಲಿಗೆ ಕಲ್ಲಿನ ಕಮಾನು, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಸುಂದರಬಾಯಿಯ ತೀರಿಹೋದ ಯಜಮಾನ ಹಾವಗೆಪ್ಪನವರ ಹೆಸರು. ಸುಂದರಬಾಯಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಗಂಡನ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದರು. ಸರ್ ಮುಖದಲ್ಲಿ ಬೆಳಕು ಮೂಡಿತು.

"ಛಲೋ ಅದ" ಎಂದರು ಸುಂದರಬಾಯಿ. "ಆದ್ರ ಇದರ ಕೆಳಗ ಹಾದು ಬರೋರು ಯಾರು?"

ಸರ್‌ಗೆ ಅರ್ಥವಾಗಲಿಲ್ಲ.

"ಬೆಂಚು ಖಾಲಿ ಅವ, ಧೂಳು ಕುಂತದ. ಈ ಹುಡುಗಿ ಕರೀಲಕ್ ಹೋಗ್ತಾಳಂತ. ಈಕಿಗಿ ನೀವು ಏನ್ ಕೊಡ್ತೀರಿ?"

"ಸರ್ಟಿಫಿಕೇಟ್ ಕೊಡ್ತೇವ್ರಿ ಅಮ್ಮಾ. ಮತ್ತ ಇದರಿಂದ ಅವರ ವ್ಯಕ್ತಿತ್ವ ಬೆಳೀತದ್ರಿ. ಅದೊಂದು ಸೇವಾ."

"ನಮ್ಮ ಮಿಲ್ಲಿನಾಗ ಹಮಾಲರಿಗಿ ನಾ ಹಂಗ ಅಂದ್ರ, ಮರುದಿವಸ ಚೀಲ ನಾನೇ ಹೊರಬೇಕಾಗ್ತದ." ಅವರು ನಗಲಿಲ್ಲ. "ವ್ಯಾಪಾರ ಕಲಸೋ ಸಾಲಿ ಇದು. ಇಲ್ಲೇ ದುಡಿಸ್ಕೊಂಡು ಪಗಾರ ಕೊಡೂದಿಲ್ಲಂದ್ರ ಮಕ್ಕಳು ಏನ್ ಕಲೀತಾರ್ರಿ? ಕಮಾನು ಬ್ಯಾಡ. ಈಕಿಗಿ, ಈಕಿ ಜೋಡಿ ಇನ್ನಷ್ಟು ಮಂದಿಗಿ ಪಗಾರ ಕೊಡ್ರಿ. ಆ ರೊಕ್ಕ ನಂದು."

ಮಾಯಾ ಬಾಗಿಲ ಬಳಿ ನಿಂತಿದ್ದಳು. ತನ್ನ ವಿಷಯವಾಗಿ ಯಾರೋ ಹೀಗೆ, ಕಾಳಿನ ದರ ಮಾತಾಡಿದಷ್ಟು ಸಹಜವಾಗಿ, ನೇರವಾಗಿ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯ ಕೆಳಗೆ ಇನ್ನೇನೋ ಇತ್ತು, ಅದಕ್ಕೆ ಅವಳಿಗೆ ಹೆಸರು ತಿಳಿಯಲಿಲ್ಲ.

ನಂದಕುಮಾರ ಸರ್ ತಡವರಿಸುತ್ತ ದಾರಿಯೊಂದನ್ನು ಹುಡುಕಿದರು. "ಹಂಗಾದ್ರ ಅಮ್ಮಾ, ಬಡ ಮಕ್ಕಳಿಗಿ ನಿಮ್ಮ ಹೆಸರಿನಾಗ ಸ್ಕಾಲರ್‌ಶಿಪ್ ಕೊಡಬಹುದ್ರಿ. ಅದಕ್ಕ ನಿಯಮ ಅದ. ಪಗಾರ ಅಂದ್ರ ಫೈನಾನ್ಸಿನವರು ಒಪ್ಪೂದಿಲ್ಲ."

"ಎರಡೂ ಒಂದೇ ಏನ್ರಿ ಸರ್? ದಾನ ತಗೊಂಡ ಕೈ ಕೆಳಗಿರ್ತದ. ಪಗಾರ ತಗೊಂಡ ಕೈ ಬರೋಬರಿ ಇರ್ತದ."

ಮಾಯಾಳಿಗೆ ಊರ ಸಾಲಿ ನೆನಪಾಯಿತು. ವರ್ಷಕ್ಕೊಮ್ಮೆ ಮಾಸ್ತರರು ತರಗತಿಗೆ ಬಂದು, ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ ಎನ್ನುತ್ತಿದ್ದರು. ಅವಳು ಎದ್ದು ನಿಲ್ಲುತ್ತಿದ್ದಳು. ಅದು ತಮ್ಮ ಹಕ್ಕು, ಭಿಕ್ಷೆಯಲ್ಲ, ತಲೆ ಎತ್ತಿ ನಿಲ್ಲು ಎಂದು ಮನೆಯಲ್ಲಿ ಅಪ್ಪ ಪಂಢರಿ ಹೇಳಿಕೊಡುತ್ತಿದ್ದ. ತಲೆ ಎತ್ತಿಯೇ ನಿಲ್ಲುತ್ತಿದ್ದಳು. ಆದರೂ ಕುಳಿತವರ ಕಣ್ಣುಗಳು ಎಲ್ಲಿ ನೆಟ್ಟಿರುತ್ತಿದ್ದವೆಂದು ಅವಳಿಗೆ ಗೊತ್ತಿತ್ತು. ಆ ಒಂದು ಕ್ಷಣಕ್ಕೆ ಇಷ್ಟು ವರ್ಷ ಸಿಗದಿದ್ದ ಮಾತನ್ನು ಈ ಬೇಳೆ ವ್ಯಾಪಾರದ ಹೆಂಗಸು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಮುಂದಿನ ಶನಿವಾರ ದೇಣಿಗೆಯನ್ನು ತೀರ್ಮಾನಿಸುವ ಸಮಿತಿಯ ಸಭೆ ನಡೆಯಿತು. ಸುಂದರಬಾಯಿ ಭಾಲ್ಕಿಯಿಂದ ಮತ್ತೆ ಬಂದರು, ವಿದ್ಯಾರ್ಥಿಗಳ ಪರವಾಗಿ ಮಾಯಾಳನ್ನೂ ಕೂರಿಸಿದರು. ಹಣಕಾಸು ವಿಭಾಗದ ಅಧಿಕಾರಿ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಒಂದೇ ಮಾತು ಹೇಳಿದರು. ಕಟ್ಟಡಕ್ಕೆ ದೇಣಿಗೆ ತೆಗೆದುಕೊಳ್ಳಬಹುದು, ಬಹುಮಾನಕ್ಕೆ, ಚಿನ್ನದ ಪದಕಕ್ಕೆ ತೆಗೆದುಕೊಳ್ಳಬಹುದು. ಓದುವ ಮಕ್ಕಳಿಗೆ ಸಂಬಳ ಕೊಡುವ ಪದ್ಧತಿ ಇಲ್ಲಿಯವರೆಗೆ ಇಲ್ಲ.

"ಇಲ್ಲಿಯವರೆಗೆ ಇಲ್ಲ" ಎಂದರು ಸುಂದರಬಾಯಿ. "ನಮ್ಮ ಭಾಲ್ಕಿ ಗಂಜಿನಾಗ, ಕಾಳಿನ ಬಜಾರದಾಗ, ಹೆಣ್ಮಗಳು ಲಿಲಾವು ಕೂಗ್ಲಕ್ ನಿಲ್ಲೂದೂ ಅಲ್ಲಿಯವರೆಗೆ ಇದ್ದಿಲ್ರಿ. ಯಜಮಾನರು ಹೋದ ಮ್ಯಾಲ ನಾ ಹೋಗಿ ನಿಂತೆ. ಮರುದಿವಸದಿಂದ ಇತ್ತು." ಅಷ್ಟು ಹೇಳಿ, ಚಹಾ ಮುಟ್ಟದೆ ಎದ್ದರು. "ಪದ್ಧತಿ ಮಾಡ್ರಿ. ಮಾಡಿದ ದಿವಸ ಕರೀರಿ, ಬರ್ತೇನಿ. ಕಮಾನಿಗಿ ಕರೀಬ್ಯಾಡ್ರಿ."

ಅವರನ್ನು ಕಾರಿನವರೆಗೆ ಬಿಡಲು ಹೋದ ಮಾಯಾಳಿಗೆ, "ಎಲ್ಲಿಗಿ ಹೋಗ್ತಿ? ಹತ್ತು" ಎಂದರು. ಸೀರೆ ಅಂಗಡಿಗೆಂದು ಹೊರಟ ಉಸ್ಮಾನಗಂಜಿನ ದಾರಿಯಲ್ಲಿ ಹಳೆಯ ಮದರಸಾದ ಎದುರು ಬಂದಾಗ ಕಾರು ನಿಲ್ಲಿಸಲು ಹೇಳಿ ಕೆಳಗಿಳಿದರು. ವಾರ ವಾರ ಅದೇ ದಾರಿಯಲ್ಲಿ ಓಡಾಡುವ ಮಾಯಾ ಆ ಕಟ್ಟಡವನ್ನು ನೋಡುವುದನ್ನೇ ಬಿಟ್ಟಿದ್ದಳು. ಒಂದು ಮಿನಾರು ನಿಂತಿದೆ, ಇನ್ನೊಂದು ಬಿದ್ದುಹೋಗಿದೆ. ನೀಲಿ ಹಂಚಿನ ಚೂರುಗಳು ಅಲ್ಲಲ್ಲಿ ಅಂಟಿಕೊಂಡು ಬಿಸಿಲಿಗೆ ಹೊಳೆಯುತ್ತಿವೆ.

"ಇದನ್ನ ಕಟ್ಟಿಸಿದವ ಕುದುರಿ ವ್ಯಾಪಾರಿ ಇದ್ದನಂತ, ಖರೇನಾ?" ಎಂದು ಸುಂದರಬಾಯಿ ಕೇಳಿದರು.

"ಹೌದ್ರಿ ಆಯಿ. ವ್ಯಾಪಾರಕ್ಕ ಬಂದು ಇಲ್ಲೇ ದಿವಾನ ಆದ ಅಂತಾರ್ರಿ."

ಅವರು ತಲೆ ಎತ್ತಿ ಮಿನಾರಿನ ತುದಿ ನೋಡಿದರು. ಸೆರಗು ಜಾರಿತು, ಸರಿಪಡಿಸಿಕೊಳ್ಳಲಿಲ್ಲ. "ಐದುನೂರು ವರ್ಷಾತು. ಗ್ವಾಡಿ ಅರ್ಧ ಬಿದ್ದದ. ಆದ್ರ ಎಲ್ಲೆಲ್ಲಿಂದೋ ಮಕ್ಕಳು ನಡಕೋತ ಬಂದು ಇಲ್ಲಿ ಓದಿದ್ರಲ್ಲ, ಅದು ಬಿದ್ದಿಲ್ಲ ನೋಡು" ಎಂದು ಮೆಲ್ಲಗೆ ಹೇಳಿದರು. ಮಾಯಾ ಅವರ ಪಕ್ಕದಲ್ಲಿ ನಿಂತು ಆ ಗೋಡೆಯನ್ನು ಹೊಸದಾಗಿ ನೋಡಿದಳು. ಹಿಂದೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಆತೀಫ ಅವನಿಗೆ ತಾಳು ಎಂದು ಕೈಮಾಡಿ, ಜರಾ ಠಹರೋ ಭಾಯಿ, ಎನ್ನುತ್ತಿದ್ದ.

ಆಮೇಲೆ ಎರಡು ತಿಂಗಳು ಏನೂ ಆಗಲಿಲ್ಲ ಎಂದೇ ಮಾಯಾ ತಿಳಿದಿದ್ದಳು. ಆದರೆ ಗಟ್ಟಿಯಾಗಿ ಮಾತಾಡಲು ಬಾರದ ನಂದಕುಮಾರ ಸರ್ ಸುಮ್ಮನೆ ಕೂತಿರಲಿಲ್ಲ. ಪಗಾರದ ಬಗ್ಗೆ ಸುಂದರಬಾಯಿ ಹೇಳಿದ ಮಾತು ಅವರಿಗೂ ನಾಟಿತ್ತು. ಇಪ್ಪತ್ತು ವರ್ಷ ಮಾನವ ಸಂಪನ್ಮೂಲ ಎಂಬ ವಿಷಯ ಪಾಠ ಮಾಡಿದವರು ಅವರು. ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದುತ್ತಲೇ ದುಡಿಯುವ ಮಕ್ಕಳಿಗೆ ಹೇಗೆ ಕೊಡುತ್ತಾರೆಂದು ವಿಚಾರಿಸಿದರು. ಒಂದೊಂದು ಮೇಜಿಗೂ ತಾವೇ ಹೋಗಿ ನಿಂತರು. ತಿರುಗಿ ಬಂದ ಪ್ರಸ್ತಾವವನ್ನು ಮತ್ತೆ ಬರೆದರು. ಸಂಕ್ರಾಂತಿ ಕಳೆದು ಒಂದು ಮುಂಜಾನೆ ತರಗತಿಗೆ ಬಂದವರು ಪಾಠ ಶುರು ಮಾಡದೆ ಪುಸ್ತಕವನ್ನು ಮೇಜಿನ ಬದಿಗಿಟ್ಟರು.

"ಆಯ್ತು" ಎಂದರು. "ನಮ್ಮ ರಾಯಭಾರಿಗಳಿಗಿ ಇನ್ನು ಪಗಾರ. ಕೆಲಸ ಮಾಡಿದ ತಾಸಿನ ಲೆಕ್ಕದಾಗ. ವಿಶ್ವವಿದ್ಯಾಲಯ ಒಪ್ಪ್ಯಾದ."

ಹಣ ಕೊಡಲು ಬಂದ ದಿನ ಸುಂದರಬಾಯಿ ಎರಡು ಕರಾರು ಹಾಕಿದರು. ತಮ್ಮ ಹೆಸರು ಎಲ್ಲಿಯೂ ಬೇಡ. ಪಗಾರ ತಿಂಗಳ ಮೊದಲನೇ ತಾರೀಖಿಗೆ ತಪ್ಪಬಾರದು. ಆಮೇಲೆ ಮಾಯಾಳ ಕಡೆ ತಿರುಗಿ, "ರೊಕ್ಕ ಹಾಕಿದವಳು ಮಾಲು ನೋಡ್ತಾಳ. ಮೊದಲನೇ ಸರ್ತಿ ಎಲ್ಲಿಗಿ ಹೋಗ್ತಿ ಹೇಳು, ನಾನೂ ಬರ್ತೇನಿ" ಎಂದರು.

ಆ ಶನಿವಾರ ಸೀರೆ ಅಂಗಡಿಗೆ ರಜೆ ಹಾಕಿ ಮಾಯಾ ಹಲಬರ್ಗಾಕ್ಕೆ ಹೋದಾಗ ಅಪ್ಪ ಡ್ಯೂಟಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಅವ್ವ ಕೌಸಲ್ಯಾಬಾಯಿ ಅಂಗನವಾಡಿಯಿಂದ ಇನ್ನೂ ಬಂದಿರಲಿಲ್ಲ. ಸುದ್ದಿ ಕೇಳಿ ಪಂಢರಿ ತಂಬಿಗೆ ಕೆಳಗಿಟ್ಟ.

"ಯಾರ ಹೆಸರಿಲೆ ಕೊಡ್ತಾರ? ಸ್ಕಾಲರ್‌ಶಿಪ್ ಏನು?"

"ಅಲ್ಲ ಅಪ್ಪಾ. ಪಗಾರ. ಯಾರ ಹೆಸರೂ ಇಲ್ಲ. ಕೆಲಸಕ್ಕ."

ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದವನ ಕೈ ಅಲ್ಲಿಯೇ ನಿಂತಿತು. ಆಮೇಲೆ, "ಹಂಗಾದ್ರ ಟೈಮಿಗಿ ಹೋಗು. ಪಗಾರ ತಗೊಳ್ಳೋರು ಲೇಟ್ ಆಗಬಾರ್ದು" ಎಂದು ಒಳಗೆ ಹೋದ. ಒಳಗಿನಿಂದ ಮೂಗು ಏರಿಸಿಕೊಂಡ ಸದ್ದು ಕೇಳಿತು.

ಮೊದಲ ಭೇಟಿ ಔರಾದದ ಡಿಗ್ರಿ ಕಾಲೇಜಿಗೆ ಎಂದು ನಿಗದಿಯಾಯಿತು. ಮಾಯಾ ಬೆಳಗಿನ ಬಸ್ಸು ಹಿಡಿದು, ಜನವಾಡಾ ದಾಟಿ, ಮಾಂಜ್ರಾ ನದಿ ದಾಟಿ, ಸಂತಪುರದಲ್ಲಿ ಹತ್ತಿದ ಕಾಲೇಜು ಹುಡುಗಿಯರ ಗದ್ದಲದಲ್ಲಿ ನಿಂತು ಹೋದಳು. ಸುಂದರಬಾಯಿಯ ಕಾರು ಮೊದಲೇ ಬಂದು ನಿಂತಿತ್ತು. ಸಭಾಂಗಣದಲ್ಲಿ ಬಿ.ಎ., ಬಿ.ಕಾಂ. ಮಕ್ಕಳನ್ನೆಲ್ಲ ಕೂರಿಸಿದ್ದರು. ಸುಂದರಬಾಯಿ ಯಾರಿಗೂ ಗುರುತು ಹೇಳದೆ ಹಿಂದಿನ ಸಾಲಿನಲ್ಲಿ ಕೂತರು.

ಮಾಯಾ ಮಾತಾಡಿದಳು. ಪರದೆಯ ಮೇಲೆ ಚಿತ್ರಗಳು ಬಂದು ಹೋದವು. ಕೋರ್ಸಿನ ಅವಧಿ, ಪ್ರವೇಶ ಪರೀಕ್ಷೆ, ಹಾಸ್ಟೆಲ್. ಮಾತು ನಿಲ್ಲದೆ ಹರಿಯಿತು, ಯಾರಿಗೂ ತಾಗಲಿಲ್ಲ. ಹುಡುಗರು ಮೊಬೈಲಿಗೆ ತಲೆ ಬಾಗಿಸಿದ್ದರು. ಹುಡುಗಿಯರು ಊರಿಗೆ ಹೋಗುವ ಬಸ್ಸಿನ ಹೊತ್ತಿಗಾಗಿ ಗಡಿಯಾರ ನೋಡುತ್ತಿದ್ದರು. ಹಿಂದೆ ಕೂತ ಸುಂದರಬಾಯಿಯ ಮುಖದಲ್ಲಿ ಏನೂ ಕಾಣಲಿಲ್ಲ. ಪಗಾರ ತೆಗೆದುಕೊಳ್ಳುವ ಮೊದಲ ದಿನವೇ ಹೀಗಾಯಿತಲ್ಲ ಎಂದುಕೊಂಡಳು ಮಾಯಾ.

"ಯಾರರ ಏನರ ಕೇಳೋದು ಅದ ಏನ್ರಿ?" ಎಂದಳು, ಕೇಳಲೇಬೇಕಲ್ಲ ಎಂದು.

ನಡುವಿನ ಸಾಲಿನಿಂದ ದುಪಟ್ಟಾ ಹೊದ್ದ ಸಣ್ಣ ಹುಡುಗಿಯೊಬ್ಬಳು ಎದ್ದಳು. ಬಸ್ಸಿನಲ್ಲಿ ಸಂತಪುರದಲ್ಲಿ ಹತ್ತಿದವರಲ್ಲಿ ಇವಳೂ ಇದ್ದಳು. ಹೆಸರು ಅಂಜುಮ ಎಂದು ಹೇಳಿಕೊಂಡಳು.

"ಅಕ್ಕಾ, ಸಿಟ್ಟಿಗಿ ಬರಬ್ಯಾಡ್ರಿ. ನೀವು ನಮ್ಮ ಜೋಡಿನೇ ಬಸ್ಸಿನಾಗ ನಿಂತು ಬಂದ್ರಿ. ಓದ್ರಿ ಓದ್ರಿ ಅಂತ ಹೇಳ್ಲಕ್ ಬರೋರು ಎಲ್ಲಾರೂ ಕಾರಿನಾಗ ಬರ್ತಾರ. ನೀವು ಯಾಕ ಬಂದೀರಿ? ಪುಕ್ಕಟ ಬಂದೀರಾ?"

ಅಲ್ಲಲ್ಲಿ ನಗೆ ಎದ್ದಿತು. ಅಧ್ಯಾಪಕರೊಬ್ಬರು ಕೂತ್ಕೊ ಎಂದು ಗದರಿದರು.

ಮಾಯಾ ಅವರನ್ನು ತಡೆದಳು. "ಇಲ್ಲ ಅಂಜುಮ" ಎಂದಳು. "ಪಗಾರಕ್ಕ ಬಂದೀನಿ."

ನಗೆ ನಿಂತಿತು.

"ಮಾತಾಡ್ಲಕ್ ಪಗಾರ ಕೊಡ್ತಾರೇನ್ರಿ?"

"ಕೊಡ್ತಾರ. ಈ ತಿಂಗಳಿಂದ ಶುರು ಆಗ್ಯಾದ." ಮಾಯಾ ಮೈಕು ಕೆಳಗಿಟ್ಟಳು. ಚಿತ್ರಗಳು ತಮ್ಮಷ್ಟಕ್ಕೆ ಪರದೆಯ ಮೇಲೆ ಓಡುತ್ತಿದ್ದವು, ಅವಳು ಅತ್ತ ನೋಡಲಿಲ್ಲ. ಹಲಬರ್ಗಾದಿಂದ ತಾನು ಹೇಗೆ ಬಂದೆ, ಸೀರೆ ಅಂಗಡಿಯಲ್ಲಿ ಎಂಥ ಗಿರಾಕಿಗಳಿಗೆ ಎಷ್ಟು ಸೀರೆ ಬಿಡಿಸಿ ಮಡಚಿದೆ, ಮೊದಲ ದಿನ ಇಂಗ್ಲಿಷಿನ ಪಾಠ ಕೇಳಿ ಹೇಗೆ ಶೌಚಾಲಯಕ್ಕೆ ಹೋಗಿ ಅತ್ತೆ, ಮನೆಗೆ ಓಡಿಹೋಗಬೇಕೆಂದು ಚೀಲ ಕಟ್ಟಿದವಳು ಯಾಕೆ ನಿಂತೆ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಮಾತು ಊರಿನ ಮಾತೇ ಆಯಿತು.

"ಪಗಾರ ತಗೊಂಡು ಬಂದೀನಿ, ಅದಕ್ಕ ಸುಳ್ಳು ಹೇಳೂದಿಲ್ಲ" ಎಂದಳು. "ಎಂಬಿಎ ಮಾಡಿದ್ರ ಎಲ್ಲಾರಿಗೂ ನೌಕ್ರಿ ಸಿಗ್ತದ ಅಂತ ಹೇಳ್ಲಕ್ ಬಂದಿಲ್ಲ. ನನಗಿಂತ ಮೊದಲಿನವರಾಗ ಕೆಲವರಿಗಿ ಸಿಕ್ಕದ, ಕೆಲವರು ಇನ್ನೂ ಹುಡುಕ್ಲಕತ್ತಾರ. ಕಷ್ಟ ಅದ. ಆದ್ರ ಅಲ್ಲಿ ನಮ್ಮ ಸಲುವಾಗಿ ಬೆಂಚು ಹಾಕ್ಯಾರ. ಅವು ಖಾಲಿ ಬಿದ್ದಾವ. ನಾ ದಿನಾ ನೋಡ್ತೇನಿ. ಅವು ನಮ್ಮವೇ."

ಈಗ ಒಂದೂ ತಲೆ ಮೊಬೈಲಿಗೆ ಬಾಗಿರಲಿಲ್ಲ. ಅಷ್ಟು ಮುಖಗಳು, ಅಷ್ಟು ಕಣ್ಣುಗಳು, ಎಲ್ಲ ತನ್ನ ಮೇಲೆ. ಸಾಲಿಯಲ್ಲಿ ಎದ್ದು ನಿಂತಾಗ ನೆಟ್ಟ ಕಣ್ಣುಗಳಲ್ಲ ಇವು. ಮಾತಿಗೆ ಇಂಥ ಶಕ್ತಿ ಇದೆ, ಅದೂ ತನ್ನ ಮಾತಿಗೆ, ಎಂಬುದನ್ನು ಮಾಯಾ ನಂಬಲಾರದೆ ನಿಂತಳು. ಆಮೇಲೆ ಪ್ರಶ್ನೆಗಳು ಬಂದವು, ಒಂದರ ಮೇಲೊಂದು. ಊಟಕ್ಕೆ ಎಷ್ಟು, ಕನ್ನಡ ಮೀಡಿಯಂನವರು ಪಾಸಾಗುತ್ತಾರಾ, ಬುರ್ಖಾ ಹಾಕಿಕೊಂಡು ಬಂದರೆ ನಡೆಯುತ್ತದಾ, ರಾಯಭಾರಿ ಕೆಲಸ ಮೊದಲನೇ ವರ್ಷವೇ ಕೊಡುತ್ತಾರಾ, ನಮ್ಮ ಅಪ್ಪನಿಗೆ ನೀವೇ ಬಂದು ಹೇಳುತ್ತೀರಾ. ಸಂತಪುರದ ಬಸ್ಸು ತಪ್ಪಿತು. ಯಾರೂ ಏಳಲಿಲ್ಲ.

ಮರಳುವಾಗ ಸುಂದರಬಾಯಿ ಅವಳನ್ನು ತಮ್ಮ ಕಾರಿಗೆ ಹತ್ತಿಸಿಕೊಂಡರು. ಮಾಂಜ್ರಾ ಸೇತುವೆ ಬರುವವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಹೇಳಬಾರದ್ದನ್ನು ಹೇಳಿಬಿಟ್ಟೆ, ನಾಳೆ ನಂದಕುಮಾರ ಸರ್ ಮುಂದೆ ಹೇಗೆ ನಿಲ್ಲಲಿ ಎಂದು ಮಾಯಾ ಒಳಗೊಳಗೇ ಅಂಜುತ್ತಿದ್ದಳು.

"ನಲವತ್ತು ವರ್ಷ ಬ್ಯಾಳಿ ಮಾರೀನಿ" ಎಂದರು ಸುಂದರಬಾಯಿ, ಹೊಳೆಯ ಕಡೆ ನೋಡುತ್ತಲೇ. "ಮಾಲಿನಾಗ ಕಲ್ಲು ಹರಳು ಅದ ಅಂತ ಗಿರಾಕಿಗಿ ಮೊದಲೇ ಹೇಳಿ, ಆ ಮ್ಯಾಲ ಮಾರಿದ್ದು ಇವತ್ತೇ ನೋಡಿದ್ದು."

ಮಾಯಾ ತಿರುಗಿ ನೋಡಿದಳು. ಮುದುಕಿಯ ಕಣ್ಣುಗಳು ತುಂಬಿದ್ದವು. ಗಂಜಿನ ಗಂಡಸರ ನಡುವೆ ನಿಂತು ಲಿಲಾವು ಕೂಗಿದ ಹೆಂಗಸು ತನ್ನನ್ನು, ಕಂಡಕ್ಟರನ ಮಗಳನ್ನು, ಹಾಗೆ ನೋಡುತ್ತಿದ್ದರು. ಎಲ್ಲಿ ಕಣ್ಣಿಡಬೇಕೆಂದು ತಿಳಿಯದೆ ಮಾಯಾ ತನ್ನ ಅಂಗೈಯನ್ನೇ ನೋಡಿಕೊಂಡಳು.

ಉಗಾದಿಗೆ ಮೊದಲು ವಿಭಾಗದಲ್ಲಿ ಎಲ್ಲರಿಗೂ ಬಾಗಿಲು ತೆರೆಯುವ ದಿನ ಇಟ್ಟರು. ಬೇಕಾದವರು ಬಂದು ನೋಡಬಹುದು. ಆ ಹೊತ್ತಿಗೆ ಪಗಾರದ ರಾಯಭಾರಿಗಳು ಐದಾರು ಮಂದಿಯಾಗಿದ್ದರು. ಹುಲಸೂರು, ಕಮಲನಗರ ಎಂದು ತಲೆಗೊಂದು ದಿಕ್ಕು ಹಿಡಿದು ಓಡಾಡಿದ್ದರು. ಆದರೂ ಹಿಂದಿನ ವರ್ಷ ಬಂದ ಬೆರಳೆಣಿಕೆಯ ಜನರನ್ನು ನೆನೆದು ನಂದಕುಮಾರ ಸರ್ ಒಂದು ತರಗತಿಯಲ್ಲಷ್ಟೇ ಕುರ್ಚಿ ಹಾಕಿಸಿದ್ದರು. ಒಂದು ಸಣ್ಣ ಕೆಟಲ್ ಚಹಾ ತರಿಸಿದ್ದರು.

ಮೊದಲು ಬಂದದ್ದು ಔರಾದದ ಬಸ್ಸು. ಕ್ಯಾಂಪಸ್ಸಿನ ಗೇಟಿನ ಹೊರಗೆ ಅದು ನಿಂತಿತು. ಇಳಿಯುತ್ತಲೇ ಇದ್ದರು, ಇಳಿಯುತ್ತಲೇ ಇದ್ದರು. ಬರೀ ಹುಡುಗ ಹುಡುಗಿಯರಲ್ಲ. ತಲೆಗೆ ಪಟಕ ಸುತ್ತಿದ ಅಪ್ಪಂದಿರು, ಕಂಕುಳಲ್ಲಿ ಕೂಸು ಎತ್ತಿದ ತಾಯಂದಿರು, ಬುತ್ತಿಯ ಗಂಟು ಹಿಡಿದ ಅಜ್ಜಿಯರು. ಹಿಂದೆಯೇ ಒಂದು ಟೆಂಪೋ. ಅದರ ಹಿಂದೆ ಭಾಲ್ಕಿಯ ಕಡೆಯಿಂದ ಇನ್ನೊಂದು. ನಂದಕುಮಾರ ಸರ್ ಮೆಟ್ಟಿಲ ಮೇಲೆ ಬಂದು ನಿಂತವರು ಕೆಳಗಿಳಿಯುವುದನ್ನೇ ಮರೆತರು. ಕಡೆಗೆ ಕೋಟು ಬಿಚ್ಚಿ ತಾವೇ ಬೆಂಚು ಹೊರಲು ಹೋದರು.

ಆ ವರ್ಷ ಎಲ್ಲ ಸೀಟುಗಳು ತುಂಬಿದವು ಎಂದರೆ ಸುಳ್ಳಾದೀತು. ತುಂಬಲಿಲ್ಲ. ಆದರೆ ಕೊನೆಯ ಬೆಂಚುಗಳ ಧೂಳು ಹೋಯಿತು. ಕಮಾನು ಇವತ್ತಿಗೂ ಇಲ್ಲ, ಅಲ್ಲಿ ಬರೀ ಒಂದು ಕಬ್ಬಿಣದ ಗೇಟಿದೆ. ಮಾಯಾ ಮುಂದೆ ಪಾಸಾಗಿ ಬೀದರದಲ್ಲಿಯೇ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಅದೆಲ್ಲ ಆಮೇಲಿನ ಮಾತು.

ಆ ದಿನ ಅವಳು ಔರಾದದವರನ್ನು ಕರೆದುಕೊಂಡು ಕಟ್ಟಡವನ್ನೆಲ್ಲ ಸುತ್ತಿಸಿದಳು. ಅಂಜುಮ ತನ್ನ ಅಜ್ಜಿ ಕುಲಸುಮಬೀಯನ್ನು ಕರೆತಂದಿದ್ದಳು. ಅಜ್ಜಿ ಮಾಯಾಳ ಗಲ್ಲವನ್ನು ಎರಡೂ ಕೈಯಿಂದ ಸವರಿ, ಕಿವಿಯ ಬಳಿ ಲಟಿಕೆ ಮುರಿದು, "ಮಾತಾಡಿ ಪಗಾರ ತಗೊಳ್ಳೋ ಹುಡುಗಿ ಇಕಿನೇ ಏನು? ನಮ್ಮ ಅಂಜುಮಗ ಇಷ್ಟು ವರ್ಷ ಮಾತು ಕಮ್ಮಿ ಮಾಡು ಅಂತ ಬೈದೀನಲ್ಲೇ" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಸುಂದರಬಾಯಿ ಗುಂಪಿನ ಹಿಂದೆ, ಎಲ್ಲರ ಹಾಗೆ ತಾವೂ ನೋಡಲು ಬಂದವರಂತೆ, ಚಪ್ಪಲಿ ಸದ್ದು ಮಾಡದೆ ನಡೆದು ಬರುತ್ತಿದ್ದರು.

ಆಮೇಲೆ ಮಾಳಿಗೆ ಹತ್ತಿದರು. ಅಲ್ಲಿಂದ ನೋಡಿದರೆ ಬೀದರದ ಕೆಂಪು ನೆಲ ಥಟ್ಟನೆ ಮುಗಿದು, ಕೆಳಗೆ ಬಯಲು ಬಿಚ್ಚಿಕೊಳ್ಳುತ್ತದೆ. ತೊಗರಿ ಕೊಯ್ದ ಹೊಲಗಳು, ಕಬ್ಬಿನ ಹಸಿರು ಪಟ್ಟಿಗಳು, ದೂರದಲ್ಲಿ ಮಾಂಜ್ರಾದ ಬೆಳ್ಳಿಗೆರೆ. ಗದ್ದಲ ಮಾಡುತ್ತ ಹತ್ತಿದವರೆಲ್ಲ ಮಾಳಿಗೆಯ ಅಂಚಿಗೆ ಸರಿದರು.

"ನಮ್ಮ ಸಂತಪುರ ಯಾವ ಕಡಿ?" ಎಂದು ಕುಲಸುಮಬೀ ಕೇಳಿದಳು.

ಮಾಯಾ ಹೊಳೆಯ ಆಚೆಗೆ, ಬಿಸಿಲು ನಡುಗುವಲ್ಲಿಗೆ ಕೈ ಮಾಡಿದಳು. "ಅಲ್ಲೇ ಅದ ರೀ ಅಮ್ಮಾ."

ಮುದುಕಿ ಕಣ್ಣಿನ ಮೇಲೆ ಅಂಗೈ ಮರೆಮಾಡಿ ನೋಡಿದಳು. ಮೊಮ್ಮಗಳ ಹೆಗಲು ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡಳು. "ಇಷ್ಟೇ ದೂರ ಏನು" ಎಂದಳು, ಬಹಳ ಮೆಲ್ಲಗೆ. ಅವಳ ಹಿಂದೆ ನಿಂತ ಹೆಂಗಸರು, ಗಂಡಸರು, ಸುಂದರಬಾಯಿ, ಎಲ್ಲರೂ ಅದೇ ದಿಕ್ಕಿಗೆ ಮುಖ ಮಾಡಿ ನಿಂತರು. ಮುಂದೆ ತೋರಿಸುವುದು ಇನ್ನೂ ಇತ್ತು. ಮಾಯಾ ಕರೆಯಲಿಲ್ಲ, ಅವರ ಜೊತೆ ತಾನೂ ನೋಡುತ್ತ ನಿಂತಳು.